ಬಾಳೆಗೊನೆ ಕಚ್ಚಿದ ನವಿಲು

ಕಲ್ಲಮ್ಮನಿಗೆ ಅನುಮಾನ ಬರಲು ದೊಡ್ಡ ವಿಷಯವೇ ಆಗಬೇಕೆಂದಿರಲಿಲ್ಲ. ಹಾಲು ಬೇಗ ಹೆಪ್ಪಾದರೂ ಅನುಮಾನ, ತಡವಾದರೂ ಅನುಮಾನ. ಅಂಥವಳ ಮಗಳು ನಿರ್ಮಲಳಿಗೆ ಹೊನ್ನಾಳಿಯ ಹಾಲಪ್ಪನವರ ಮನೆಯಿಂದ ಸಂಬಂಧ ಬಂತು. ಒಬ್ಬನೇ ಮಗ, ಓದಿದವನು, ವರದಕ್ಷಿಣೆಯ ಮಾತೇ ಇಲ್ಲ. ಎರಡೂ ಮನೆಯ ಕುಲದ ಬೆಡಗು ಒಂದೇ ಆಗಿದ್ದರೆ ಅಣ್ಣತಂಗಿ ವರಸೆ, ಮದುವೆ ಕೂಡದು. ಇಲ್ಲಿ ಅದೂ ಬೇರೆ ಬೇರೆ. ಇಷ್ಟೆಲ್ಲ ಸರಿಹೋದರೆ ಎಲ್ಲೋ ಏನೋ ಸರಿಯಿಲ್ಲ ಎಂದೇ ಅರ್ಥ ಎನ್ನುವವಳು ಅವಳು.

“ಹುಡುಗನ ತಾಯಿ ಹೆಂಗಿದಾರೆ?” ಎಂದು ಗಂಡನನ್ನು ಕೇಳಿದಳು. ಗಂಡ ಜಯದೇವಪ್ಪ ಚನ್ನಗಿರಿಯಲ್ಲಿ ಅಡಿಕೆ ಮಂಡಿ ಇಟ್ಟವನು, ಮೊದಲು ತಾನೊಬ್ಬನೇ ಹೋಗಿ ಮನೆ ನೋಡಿ ಬಂದಿದ್ದ.

“ಆಯಮ್ಮ ನ್ಯಾಮತಿಗೆ ಹೋಗಿದ್ರಂತೆ. ನಾ ನೋಡ್ಲಿಲ್ಲ.” ಯೋಚಿಸುವಾಗಲೆಲ್ಲ ಎಡಗಿವಿಯ ತುದಿ ಎಳೆದುಕೊಳ್ಳುವುದು ಅವನ ಚಾಳಿ. ಈಗಲೂ ಎಳೆದುಕೊಂಡ. “ನೀನೇ ಹೋಗಿ ನೋಡ್ಕೊಂಡ್ ಬಾ. ಒಪ್ಪಿಗೆ ಆದ್ರೆ ಬೆಲ್ಲ ತಿಂದು ಬಾ. ಆ ಮನೆ ನೋಡಿದ್ರೆ ನಿನ್ನ ಕಣ್ಣೇ ತಿರುಗ್ತಾವೆ.”

ಮಗನ ಮದುವೆಯ ಮಾತಿರುವಾಗ ತಾಯಿಯಾದವಳು ನ್ಯಾಮತಿಗೆ ಹೋಗುವುದೇ! ಕಲ್ಲಮ್ಮ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಎರಡನೇ ಮಹಾಯುದ್ಧ ಶುರುವಾದ ಮೇಲಿನ ಎರಡನೇ ಯುಗಾದಿ ಹತ್ತಿರವಿತ್ತು. ಊರೂರಲ್ಲಿ ಹೆಂಗಸರು ಗೋಡೆಗೆ ಸುಣ್ಣ ಬಳಿದು, ಕೆಳಗೆ ಕೆಮ್ಮಣ್ಣಿನ ಪಟ್ಟೆ ಎಳೆದು ಹಬ್ಬಕ್ಕೆ ಮನೆ ಸಿಂಗರಿಸುತ್ತಿದ್ದರು. ಸಂಬಂಧ ತಂದ ಕರಿಬಸಪ್ಪನ ಜೊತೆ ಬಸ್ಸಿನಲ್ಲಿ ಹೊನ್ನಾಳಿಗೆ ಹೋದ ಕಲ್ಲಮ್ಮ, ದಾರಿಯುದ್ದಕ್ಕೂ ಕಂಡವರ ಮನೆಯ ಪಟ್ಟೆಗಳಿಗೆಲ್ಲ ಹೆಸರಿಡುತ್ತಾ ಬಂದಳು. ಒಂದು ಸೊಟ್ಟ, ಒಂದು ತೆಳು, ಮತ್ತೊಂದನ್ನು ಯಾವಳೋ ನಿದ್ದೆಗಣ್ಣಲ್ಲಿ ಎಳೆದಿದ್ದಳು.

ಹಾಲಪ್ಪನ ಮನೆಯಲ್ಲಿ ಹೆಸರಿಡಲು ಪಟ್ಟೆಯೇ ಇರಲಿಲ್ಲ. ಪಡಸಾಲೆಗೆಲ್ಲ ಹಸಿರು ಎಣ್ಣೆಬಣ್ಣ ಬಳಿಸಿ, ಮೇಲೆ ಗುಲಾಬಿ ಬಳ್ಳಿ ಬರೆಸಿದ್ದ. ನಿಲುವುಗನ್ನಡಿ, ಬೆತ್ತದ ಕುರ್ಚಿ, ಬಾಗಿಲಿಗೆ ಗಾಜಿನ ಮಣಿಯ ಪರದೆ. ಹಾಲಪ್ಪ ಒಂದೊಂದನ್ನೂ ಮುಟ್ಟಿ ಮುಟ್ಟಿ ತೋರಿಸಿದ.

“ದಾವಣಗೆರೆ ಪೇಂಟರ್ ಕೆಲಸ ಇದು. ಬ್ಯಾಸಿಗೆ ಬಂತು ಅಂದ್ರೆ ಕಿಟಕಿಗೆ ಲಾವಂಚದ ತಟ್ಟಿ, ನೀರು ಚಿಮುಕಿಸಿದ್ರೆ ಗಮ್ ಅಂತದೆ. ಮಳೆಗಾಲಕ್ಕೆ ದಪ್ಪ ಪರದೆ ಬ್ಯಾರೆ, ದೀಪಾವಳಿಗೆ ಬಣ್ಣದ ಗ್ಲೋಬು ಬ್ಯಾರೆ. ಕಾಲಕ್ಕೆ ತಕ್ಕಂಗೆ ಮನೆ ಬದಲಾಗಬೇಕು ನೋಡ್ರಿ ತಾಯಿ!”

“ಹೌದ್ರಿ,” ಎಂದಳು ಕಲ್ಲಮ್ಮ. ಅವಳ ಕಣ್ಣು ಮಣಿಪರದೆಯ ಆಚೆ ಹೋಗಿತ್ತು. ನಡುಮನೆಯ ಎದುರುಗೋಡೆಯಲ್ಲಿ ಅಷ್ಟು ಜಾಗಕ್ಕೆ ಮಾತ್ರ ಎಣ್ಣೆಬಣ್ಣದ ಮೇಲೆಯೇ ಸುಣ್ಣ ಬಳಿದು ಕೆಮ್ಮಣ್ಣಿನಲ್ಲಿ ಏನೋ ಬರೆದಿತ್ತು. ಕತ್ತು ಹಿಂದಕ್ಕೆ ತಿರುಗಿಸಿದ ನವಿಲು. ಅದರ ಕೊಕ್ಕಿನಲ್ಲಿ ಒಂದಿಡೀ ಬಾಳೆಗೊನೆ.

ಕಲ್ಲಮ್ಮ ಕತ್ತು ಚಾಚಿ ಮತ್ತೊಮ್ಮೆ ನೋಡಿದಳು.

ಬಾಳೆಗೊನೆ ಕಚ್ಚಿದ ನವಿಲನ್ನು ಲೋಕದಲ್ಲಿ ಯಾರಾದರೂ ಬರೆಯುತ್ತಾರೆಯೇ? ಬರೆಯುವುದು ಒಂದೇ ಮನೆ, ಅದು ಅವಳ ಗಂಡನ ಮನೆ. ಅವರು ಉಬ್ರಾಣಿಯಲ್ಲಿದ್ದ ಕಾಲದಿಂದ ಅತ್ತೆ ಸೊಸೆಗೆ ಬಾಗಿಲು ಹಾಕಿಕೊಂಡು ಕಲಿಸುತ್ತಾ ಬಂದ ಚಿತ್ರ. ಹೆಣ್ಣುಮಕ್ಕಳು ಬೇರೆ ಮನೆಗೆ ಹೋಗುವವರೆಂದು ಅವರಿಗೂ ಕಲಿಸುತ್ತಿರಲಿಲ್ಲ. ಅತ್ತೆ ಅಜ್ಜಮ್ಮ ಅವಳ ಕೈ ಹಿಡಿದು ತಿದ್ದಿಸಿದ್ದಳು. “ನವಿಲಿಗ್ಯಾಕೆ ಬಾಳೆಗೊನೆ ಅತ್ತೆಮ್ಮಾ?” ಎಂದದ್ದಕ್ಕೆ ಬೆರಳಿಗೆ ಕಡ್ಡಿಯಿಂದ ಏಟು ಬಿದ್ದಿತ್ತು.

ಆ ನವಿಲು ಇಲ್ಲಿಗೆ ಹೇಗೆ ಬಂತು?

ಅಷ್ಟರಲ್ಲಿ ಹುಡುಗ ಸಿದ್ದಲಿಂಗ ನೀರು ತಂದಿಟ್ಟು ಕೈಮುಗಿದ. ಲಕ್ಷಣವಾದ ಹುಡುಗ, ಮಾತೂ ಮೆದು. ವಾಪಸ್ ಹೋಗುವ ಬಸ್ಸು ಎಷ್ಟೊತ್ತಿಗೆಂದು ಕರಿಬಸಪ್ಪ ಕೇಳಿದ್ದಕ್ಕೆ ನೆನಪು ಮಾಡಿಕೊಳ್ಳುತ್ತಾ ಎಡಗಿವಿಯ ತುದಿ ಎಳೆದುಕೊಂಡ.

ಅಯ್ಯೋ ಶಿವನೇ! ಕಲ್ಲಮ್ಮ ಎತ್ತಿಕೊಂಡ ಲೋಟವನ್ನು ಹಾಗೇ ಕೆಳಗಿಟ್ಟಳು. ಅದೇ ಬೆರಳು, ಅದೇ ಎಳೆತ. ಹೊನ್ನಾಳಿ ಸಂತೆ, ಹೊನ್ನಾಳಿ ವ್ಯಾಪಾರ ಎಂದು ಗಂಡ ಓಡಾಡುತ್ತಿದ್ದುದೆಲ್ಲ ಕಣ್ಣ ಮುಂದೆ ಬಂತು. ಇಲ್ಲೊಬ್ಬಳನ್ನು ಇಟ್ಟುಕೊಂಡಿದ್ದಾನೆ, ಅವಳಿಗೆ ಮನೆಯ ನವಿಲನ್ನೂ ಕೊಟ್ಟಿದ್ದಾನೆ, ಕೊನೆಗೆ ಅವನದೇ ರಕ್ತಕ್ಕೆ ತನ್ನ ಮಗಳನ್ನು... ಛೀ! ಈ ಗಂಡಸನ್ನು ನಂಬಿ ಇಷ್ಟು ವರ್ಷ ಅನ್ನ ಬಡಿಸಿದೆನಲ್ಲ ಎಂದು ಮೈಯೆಲ್ಲ ಉರಿಯಿತು.

“ಹೆಂಗಸರ ಹತ್ರ ಮಾತಾಡ್ಬೇಕು,” ಎಂದು ಎದ್ದವಳೇ ಪರದೆ ಸರಿಸಿಕೊಂಡು ಒಳಗೆ ನುಗ್ಗಿದಳು.

ನಡುಮನೆಯಲ್ಲಿ ಹುಡುಗನ ತಾಯಿ ಕೊಟ್ರಮ್ಮ ಒಬ್ಬಳೇ ನಿಂತಿದ್ದಳು. ನಲವತ್ತು ದಾಟಿದ ಹೆಂಗಸು. ಉಗುರ ಸಂದಿಯಲ್ಲಿ ಕೆಮ್ಮಣ್ಣು ಇನ್ನೂ ಇತ್ತು.

“ಗೋಡೆ ನೋಡಿದ್ರಾ?” ಎಂದಳು ಕೊಟ್ರಮ್ಮ ಮೆಲ್ಲಗೆ. “ನೀವು ನೋಡ್ಲಿ ಅಂತ್ಲೇ ನಿನ್ನೆ ಬರೆದೆ. ಒಂಚೂರು ಗೋಡೆ ಹಾಳಾತು ಅಂತ ನಮ್ಮವರು ಬೈದ್ರು. ಯುಗಾದಿ ಶಾಸ್ತ್ರ ಅಂತ ಸುಳ್ಳು ಹೇಳಿದೆ.”

“ಯಾರು ಕಲಿಸಿದ್ರು ನಿಂಗೆ ಇದನ್ನ? ನನ್ ಗಂಡಾನಾ?”

“ಅಯ್ಯೋ, ಎಂಥ ಮಾತಾಡ್ತೀರಿ! ನಿಮಗೆ ಕಲಿಸಿದವರೇ ನನಗೂ ಕಲಿಸಿದ್ದು. ಬಾಳೆಗೊನೆ ಯಾಕೆ ಅಂತ ಕೇಳಿದ್ದಕ್ಕೆ ಬೆರಳಿಗೆ ಹೊಡೆದಿದ್ರು.”

ಕಲ್ಲಮ್ಮನಿಗೆ ವಿಷಯ ಸ್ವಲ್ಪ ಸ್ವಲ್ಪವೇ ತಿಳಿಯತೊಡಗಿತು. ಗಂಡನಿಗೊಬ್ಬ ಅಣ್ಣನಿದ್ದ, ಮರುಳಪ್ಪ. ಇಪ್ಪತ್ತೆರಡು ವರ್ಷದ ಹಿಂದೆ, ಊರೂರೇ ಖಾಲಿಯಾದ ಮಹಾಜ್ವರದಲ್ಲಿ ತೀರಿಕೊಂಡ. ಅವನ ಹೆಂಡತಿಯ ಹೆಸರನ್ನು ಅತ್ತೆ ಒಂದು ದಿನವೂ ಎತ್ತಲಿಲ್ಲ. ಹಿರೇಸೊಸೆ ಜಗಳೂರಿನ ತವರಿಗೆ ಹೋಗಿ ಅಲ್ಲೇ ಸತ್ತಳು ಎಂದಷ್ಟೇ ಕಲ್ಲಮ್ಮನಿಗೆ ಹೇಳಿದ್ದರು.

“ನೀವು... ಸತ್ತಿದ್ರಿ ಅಂದ್ರು.”

“ಅವರ ಪಾಲಿಗೆ ಸತ್ತೆ. ಗಂಡ ಸತ್ತ ತಿಂಗಳಿಗೇ ನಮ್ಮಪ್ಪ ಅವರನ್ನ ಕೇಳ್ದೆ ಉಡಿಕೆ ಮದುವೆ ಮಾಡಿ ಈ ಮನೆಗೆ ಕೊಟ್ಟ, ಅದಕ್ಕೆ ಸಿಟ್ಟು. ಉಡಿಕೆಯಾದವಳ ಹಿಂದಿನ ಮನೆ ಯಾವುದು ಅಂತ ಇಲ್ಲಿ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.” ಕೊಟ್ರಮ್ಮ ಪರದೆಯ ಕಡೆ ನೋಡಿ ದನಿ ಇಳಿಸಿದಳು. “ಬರುವಾಗ ಸಿದ್ದಲಿಂಗ ಹೊಟ್ಟೆಯಲ್ಲಿದ್ದ, ನಿಮ್ಮ ಭಾವನ ಕೂಸು, ಕಿವಿ ಎಳ್ಕೊಳೋದೂ ಅವರದ್ದೇ. ಆಣೆ ಮಾಡಿ ಹೇಳ್ತೀನಿ, ಆಗ ನಂಗೇ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬಾಯಿ ಬರಲಿಲ್ಲ. ದಿನ ತುಂಬೋಕೆ ಮೊದಲೇ ಹುಟ್ಟಿದ ಅಂದ್ಕೊಂಡ್ರು. ನಮ್ಮವರು ಅವನನ್ನ ಎತ್ತಿ ಆಡಿಸಿದ್ದಾರೆ, ಓದಿಸಿದ್ದಾರೆ, ಅವನು ಅಂದ್ರೆ ಜೀವ. ಈಗ ಹೆಂಗೆ ಹೇಳ್ಲಿ? ನಿಮ್ಮ ಮೂಲ ಉಬ್ರಾಣಿ ಅಂತ ಕರಿಬಸಪ್ಪನ ಬಾಯಲ್ಲಿ ಕೇಳಿದಾಗ್ಲೇ ಗೊತ್ತಾಗಿದ್ದು. ನಿಮ್ಮವರು ಬಂದ ದಿನ ಮೈದುನ ನನ್ನ ಗುರುತು ಹಿಡಿತಾನೆ ಅಂತ ನ್ಯಾಮತಿಗೆ ಓಡಿದೆ. ನನ್ನ ಮಗ ನಿಮ್ಮ ಮಗಳಿಗೆ ಅಣ್ಣ ಆಗ್ಬೇಕು ಕಣಮ್ಮ. ನಾ ಬ್ಯಾಡ ಅಂದ್ರೆ ಯಾಕೆ ಅಂತಾರೆ. ನೀವಂದ್ರೆ... ನೀವಂದ್ರೆ ನಡೀತದೆ.”

ಕಲ್ಲಮ್ಮ ನವಿಲನ್ನು ನೋಡಿದಳು. ಕೊಕ್ಕಿನ ಬಾಗು, ಹಿಂದಿರುಗಿದ ಕತ್ತು, ಎಲ್ಲವೂ ಅತ್ತೆಯ ಕೈಯದ್ದೇ. ಇಷ್ಟು ವರ್ಷ ಬರೆಯದೆ ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೂ ಒಂದು ಗೆರೆಯೂ ತಪ್ಪಿರಲಿಲ್ಲ. ಗಂಡನ ಮೇಲೆ ಪಟ್ಟ ಅನುಮಾನಕ್ಕೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಈ ಹೆಂಗಸಿನ ಮೇಲೆ ಕರುಳು ಚುರ್ ಎಂದಿತು.

ಬೀಗತಿಗೆಂದು ಚೀಲದಲ್ಲಿ ತಂದಿದ್ದ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ತೆಗೆದಳು. “ಸೆರಗೊಡ್ಡು ಅಕ್ಕಾ,” ಎಂದಳು. ಕೊಟ್ರಮ್ಮ ಸೆರಗೊಡ್ಡಿದಳು. ಉಬ್ರಾಣಿ ಮನೆಯ ಹಿರೇಸೊಸೆಗೆ ಆ ಮನೆಯವರು ಉಡಿ ತುಂಬಿ ಎಷ್ಟೋ ಕಾಲವಾಗಿತ್ತು. ಇಬ್ಬರೂ ಅತ್ತರು, ಸದ್ದಿಲ್ಲದೆ ಅತ್ತರು.

ಹೊರಗೆ ಹಾಲಪ್ಪ ಬೆಲ್ಲದ ತಟ್ಟೆ ಹಿಡಿದು ಕಾದಿದ್ದ. ಅದನ್ನು ಬಾಯಿಗೆ ಹಾಕಿಕೊಂಡರೆ ಮಾತು ಮುಗಿದಂತೆ. “ತಗೊಳ್ರಿ ಬೀಗರೇ!”

ಕಲ್ಲಮ್ಮ ತಟ್ಟೆ ಮುಟ್ಟಲಿಲ್ಲ. ಹಸಿರು ಗೋಡೆಯನ್ನು ಮೇಲಿಂದ ಕೆಳಕ್ಕೆ ನೋಡಿ ಮುಖ ಸಿಂಡರಿಸಿದಳು. “ಈ ಮನೆ ನಮಗಾಗಲ್ರಿ.”

“ಯಾಕ್ರೀ ತಾಯಿ?”

“ಈ ಎಣ್ಣೆಬಣ್ಣದ ಮೇಲೆ ಸುಣ್ಣ ನಿಲ್ಲಲ್ಲ, ಕೆಮ್ಮಣ್ಣು ನಿಲ್ಲಲ್ಲ. ಹಬ್ಬಕ್ಕೆ ಗೋಡೆ ಸಾರಿಸಿ ಬರೆಯೋ ಹುಡುಗಿ ನಂದು. ಇಲ್ಲಿ ಅವಳಿಗೇನು ಕೆಲಸ? ಕನ್ನಡಿ ಒರೆಸೋದಾ?”

ಕರಿಬಸಪ್ಪ ತಲೆ ಚಚ್ಚಿಕೊಂಡ. ಹಾಲಪ್ಪನ ಮುಖ ಕೆಂಪೇರಿತು, ತಟ್ಟೆ ಠಣ್ಣೆಂದು ಕುರ್ಚಿಯ ಮೇಲೆ ಕೂತಿತು. ಸಿದ್ದಲಿಂಗ ಮಾತ್ರ ಬಾಗಿಲವರೆಗೆ ಬಂದು ಬಗ್ಗಿ ಕಾಲು ಮುಟ್ಟಿದ. ಅವಳ ಕೈ ಅವನ ತಲೆಯ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು. ತಿರುಗಿ ನೋಡಿದಾಗ ಪರದೆಯ ಆಚೆ ಕೊಟ್ರಮ್ಮ ಒದ್ದೆ ಬಟ್ಟೆಯಲ್ಲಿ ನವಿಲನ್ನು ಒರೆಸುತ್ತಿದ್ದಳು.

ಸುದ್ದಿ ಅವಳಿಗಿಂತ ಮೊದಲೇ ಚನ್ನಗಿರಿ ಮುಟ್ಟಿತ್ತೋ ಏನೋ. ಬಣ್ಣಕ್ಕೆ ಬೆದರಿ ಬಂಗಾರದಂಥ ಸಂಬಂಧ ಬಿಟ್ಟ ಕಲ್ಲಮ್ಮ ಎಂದು ಬೀದಿಯೆಲ್ಲ ನಕ್ಕಿತು. ಜಯದೇವಪ್ಪ ನಗಲಿಲ್ಲ, ಹಬ್ಬ ಹತ್ತಿರ ಬರುವವರೆಗೂ ಮಾತು ಕಡಿಮೆ ಮಾಡಿದ. “ನೀ ಏನೋ ಮುಚ್ಚಿಡ್ತಿದೀಯ,” ಎಂದು ಒಂದೆರಡು ಸಲ ಗುರಾಯಿಸಿದ. ಅನುಮಾನ ಈಗ ಅವನ ಪಾಲಿಗೆ ಬಂದಿತ್ತು.

ಯುಗಾದಿಯ ಹಿಂದಿನ ದಿನ ಕಲ್ಲಮ್ಮ ನಡುಮನೆಯ ಗೋಡೆಗೆ ನವಿಲು ಬರೆಯುತ್ತಿದ್ದಳು. ಜಯದೇವಪ್ಪ ಹೊಸ್ತಿಲಲ್ಲಿ ನಿಂತು ನೋಡಿದ. ಸಿಟ್ಟು ಇಳಿದಿತ್ತು. ಕಿವಿಯ ತುದಿ ಎಳೆದುಕೊಳ್ಳುತ್ತಾ, “ಅಣ್ಣಗೊಬ್ಬ ಮಗ ಇದ್ದಿದ್ರೆ ಮಂಡಿಗೆ ನಂಗೊಂದು ಹೆಗಲಾಗಿರೋದು,” ಎಂದ.

ಕಲ್ಲಮ್ಮ ಕಡ್ಡಿಯನ್ನು ಕೆಮ್ಮಣ್ಣಿಗೆ ಅದ್ದಿ ನವಿಲಿನ ಕತ್ತಿನ ಗೆರೆಯನ್ನು ಮತ್ತೊಮ್ಮೆ ತಿದ್ದಿದಳು. ಅವನು ಮಂಡಿಗೆ ಹೋದ ಮೇಲೆ ಮಗಳನ್ನು ಕರೆದಳು.

“ನಿರ್ಮಲಾ, ಬಾ ಇಲ್ಲಿ. ಕಡ್ಡಿ ಹಿಡಿ. ಕೊಕ್ಕು ನೀ ಬರಿ.”

ಹುಡುಗಿ ಕಣ್ಣರಳಿಸಿದಳು. “ನಾನಾ? ನಂಗೆ ಕಲಿಸೋ ಹಂಗಿಲ್ಲ ಅಂತಿದ್ಯಲ್ಲವ್ವಾ. ನಾ ಬ್ಯಾರೆ ಮನೆಗೆ ಹೋಗೋಳು.”

“ಅದಕ್ಕೇ ಕಲಿ,” ಎಂದಳು ಕಲ್ಲಮ್ಮ, ಮಗಳ ಕೈ ಹಿಡಿದು.