ಬಿಗಿಯಾಗದ ನಟ್ಟು

ಗ್ಯಾರೇಜಿನ ಬಾಗಿಲು ತೆಗೆದ ಮೆಕ್ಯಾನಿಕ್ಕನ ಕಣ್ಣು ನೆಲಕ್ಕೆ ಹಾಸಿದ್ದ ರಟ್ಟಿನ ಮೇಲೆ ಹೋಯಿತು. ರಾತ್ರಿಯಿಡೀ ಅದರ ಮೇಲೆ ನಿಂತಿದ್ದ ಭಾವನ ಕಾರು ಈಗ ಅಲ್ಲಿರಲಿಲ್ಲ. ಅಕ್ಕ, ಭಾವ, ಅವರ ಐದು ವರ್ಷದ ಪುಟ್ಟಿ ಬೆಳಿಗ್ಗೆಯೇ ಊರಿಗೆ ಹೊರಟಿದ್ದರು. ರಟ್ಟಿನ ಮೇಲೆ ಅಂಗೈಯಗಲ ಕೆಂಪು ಕಲೆ.

ಬೆರಳಿಗೆ ಹಚ್ಚಿ ಮೂಸಿದ. ಎಂಜಿನ್ ಆಯಿಲ್ ಆಗಿದ್ದರೆ ಕಪ್ಪಗಿರುತ್ತಿತ್ತು. ಇದು ಕೆಂಪಗೆ, ತೆಳ್ಳಗೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನದೇ, ಸಂಶಯವೇ ಬೇಡ. ಅದೇ ಸೋರಿಕೆ ನಿಲ್ಲಿಸಲೆಂದಲ್ಲವೇ ನಿನ್ನೆ ಇಡೀ ದಿನ ಕಾರಿನಡಿ ಬಿದ್ದುಕೊಂಡಿದ್ದು!

ಗಾಡಿ ನಿಲ್ಲಿಸಿದಾಗ ರಟ್ಟಿನ ಮೇಲೆ ನಾಲ್ಕೂ ಚಕ್ರಗಳ ಸುತ್ತ ಗೆರೆ ಎಳೆಯುವುದು ಅವನ ರೂಢಿ. ಗಾಡಿ ಹೋದ ಮೇಲೂ ಹನಿ ಎಲ್ಲಿಂದ ಬಿತ್ತೆಂದು ಗೊತ್ತಾಗುತ್ತದೆ. ಎಡ ಮುಂಚಕ್ರದಿಂದ ಎರಡು ಗೇಣು ಒಳಗೆ. ಬಿಸಿ ಆಯಿಲನ್ನು ತಣ್ಣಗಾಗಲು ಒಯ್ಯುವ ಪೈಪಿನ ನಟ್ಟು ಅಲ್ಲೇ. ಅದರ ಕೆಳಗೇ ಸೈಲೆನ್ಸರ್ ಪೈಪು, ಗಾಡಿ ಓಡಿದರೆ ಕಾದ ಕಾವಲಿ.

ಬಿಗಿ ಮಾಡಿದ ನಟ್ಟಿಗೆ ಬಿಳಿ ಬಣ್ಣದ ಗುರುತು ಹಾಕಬೇಕು. ಮೊದಲು ಸ್ಪ್ಯಾನರು, ಆಮೇಲೆ ಬಣ್ಣ. ಈ ಮಹಾನುಭಾವ ಕೆಲಸ ಬೇಗ ಮುಗಿಯಲೆಂದು ಈಚೆಗೆ ಎಲ್ಲ ನಟ್ಟಿಗೂ ಮೊದಲೇ ಬಣ್ಣ ಬಳಿದು, ಆಮೇಲೆ ಬಿಗಿ ಮಾಡುತ್ತಿದ್ದ. ನಿನ್ನೆ ನಡುವೆ ಪುಟ್ಟಿ ಬಂದು ಊಟಕ್ಕೆ ಎಳೆದುಕೊಂಡು ಹೋದಳು. ವಾಪಸು ಬಂದು ನೋಡಿದರೆ ಎಲ್ಲದಕ್ಕೂ ಬಿಳಿ ಗುರುತು! ಮುಗಿಯಿತೆಂದು ಕೈ ತೊಳೆದಿದ್ದ.

ಫೋನ್ ಒತ್ತಿದ. ಭಾವ ಎತ್ತಲಿಲ್ಲ. ಅಕ್ಕನಿಗೆ ಮಾಡಿದ, ಎತ್ತಿದಳು.

"ಅಕ್ಕ, ಎಲ್ಲಿದೀರ?"

"ಬೆಟ್ಟ ಇಳೀತಿದೀವಿ ಕಣೋ. ಆಗ್ಲಿಂದ ಏನೋ ಸುಟ್ಟ ವಾಸನೆ. ನಿಮ್ಮ ಭಾವ, ಮುಂದಿನ ಲಾರೀದು ಅಂತಾರೆ."

"ಲಾರೀದಲ್ಲ! ನಿಲ್ಸಿ, ಎಲ್ರೂ ಇಳೀರಿ, ಈಗ್ಲೇ!"

ಅಕ್ಕ ಸ್ಪೀಕರ್ ಹಾಕಿದಳೇನೋ, ಆಚೆಯಿಂದ ಭಾವನ ನಗು ಕೇಳಿಸಿತು. "ರಿಪೇರಿ ಮಾಡಿದೋನು ನೀನೇ ತಾನೆ? ಇನ್ನೆರಡು ತಿರುವು, ಹೋಟೆಲ್ ಹತ್ರ ನಿಲ್ಸಿ ನೋಡ್ತೀನಿ ಬಿಡಯ್ಯ."

ನಿಜ ಹೇಳಿದರೆ ಮಾನ ಹೋಗುತ್ತದೆ. ಹೋಗಲಿ, ಹಾಳಾಗಿ ಹೋಗಲಿ!

"ಭಾವ, ಒಂದು ನಟ್ಟು ನಾನು ಬಿಗಿ ಮಾಡೇ ಇಲ್ಲ. ಸೈಲೆನ್ಸರ್ ಮೇಲೆ ಆಯಿಲ್ ಸುರೀತಿದೆ. ಬೆಂಕಿ ಹತ್ಕೊಳ್ಳುತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ, ನಿಲ್ಸಿ!"

ನಗು ನಿಂತಿತು. ಬ್ರೇಕು ಕಿರುಗುಟ್ಟಿತು. "ಅಯ್ಯೋ, ಹೊಗೆ!" ಎಂದು ಅಕ್ಕ ಕಿರುಚಿದಳು. "ಪುಟ್ಟಿ ಬೆಲ್ಟ್ ಬಿಚ್ಚೋಕೆ ಬರ್ತಿಲ್ಲ ರೀ, ಬರ್ತಿಲ್ಲ!" ಫೋನು ಎಲ್ಲೋ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ.

ಅವನು ಕೂಗಿದ, ಬೇಡಿದ, ಇದ್ದಬದ್ದ ದೇವರನ್ನೆಲ್ಲ ಕರೆದ. ಎಷ್ಟು ಹೊತ್ತಾಯಿತೋ, ಫೋನು ಮತ್ತೆ ಹೊಡೆದುಕೊಂಡಿತು. ಭಾವನ ನಂಬರು.

"ಇಳಿದ್ವಿ ಕಣಯ್ಯ. ಮೂರೂ ಜನ. ಗಾಡಿ ಉರೀತಾ ಇದೆ." ಭಾವ ಏದುಸಿರು ಬಿಡುತ್ತಿದ್ದ. "ಎಲ್ಲಾದಕ್ಕೂ ಬಣ್ಣ ಇತ್ತಲ್ಲೋ. ನಾನೇ ಬಗ್ಗಿ ನೋಡಿದ್ದೆ."

"ಮೊದ್ಲೇ ಬಳಿದ್ಬಿಟ್ಟಿದ್ದೆ ಭಾವ." ಅವನು ನೆಲಕ್ಕೆ ಕುಸಿದು ಅಳುತ್ತಿದ್ದ. "ಈ ವಾರ ಎಲ್ಲಾ ಗಾಡೀಗೂ ಹಾಗೇ ಮಾಡಿದೀನಿ."

"ಎಷ್ಟು ಗಾಡಿ?"

"ಒಂಬತ್ತು."

"ಮತ್ತೆ ನನ್ಹತ್ರ ಏನು ಅಳ್ತಾ ಕೂತಿದೀಯ? ಫೋನ್ ಇಡೋ!"