ಹನ್ನೊಂದರ ನಂತರ ಹತ್ತು

“ಏಟು ಬೀಳೋದಕ್ಕೆ ಮುಂಚೇನೇ ಕೈಗೆ ಪಟ್ಟಿ ಕಟ್ಕೊಂಡು ಬರ್ತಾನೆ ನೋಡಿ, ಆ ಸಿನಿಮಾದ ತಾಕತ್ತೆಲ್ಲ ಅಲ್ಲೇ ಇರೋದು,” ಎಂದರು ಟೈಲರ್.

“ಮೆಲ್ಲಗೆ ಮಾತಾಡಯ್ಯ. ಸಾವಿನ ಮನೆ,” ಎಂದರು ಮೇಷ್ಟ್ರು.

“ಅವನಿಗೂ ಕೇಳಿಸ್ಲಿ ಅಂತಾನೇ ಜೋರಾಗಿ ಹೇಳ್ತಿರೋದು.”

ಅವನು ಎಂದರೆ ಆಪರೇಟರ್. ನಡುಮನೆಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಹೂವಿನ ನಡುವೆ ಮಲಗಿದ್ದರು. ಮೂವತ್ತೆಂಟು ವರ್ಷ ಊರಿನ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸಿ, ಆಮೇಲೆ ಹದಿನೈದು ವರ್ಷ ಇದೇ ಜಗಲಿಯಲ್ಲಿ ಈ ಮೂವರ ಜೊತೆ ಸಿನಿಮಾ ಮಾತಾಡಿ, ನಿನ್ನೆ ಸಂಜೆ ಟೀ ಕುಡಿದ ಲೋಟವನ್ನು ಪಕ್ಕಕ್ಕಿಟ್ಟು ಹೊರಟುಹೋಗಿದ್ದರು. ಮೂವರಲ್ಲಿ ಮೂರನೆಯವರು ಪೇಂಟರ್, ಒಂದು ಕಾಲದಲ್ಲಿ ಆಳೆತ್ತರದ ಸಿನಿಮಾ ಬ್ಯಾನರ್ ಬರೆದವರು. ಈಗ ಎರಡು ಸ್ಟೂಲಿನ ಮೇಲೆ ತಗಡಿನ ಹಲಗೆಯೊಂದನ್ನು ಮಲಗಿಸಿ, ನೀಲಿ ಬಣ್ಣದಲ್ಲಿ ‘ನಮ್ಮ ಆಪರೇಟರ್’ ಎಂದು ಬರೆದು ಮುಗಿಸಿದ್ದರು. ನಾಲ್ಕು ಗಂಟೆಗೆ ಬರುವ ಗಾಡಿಯ ಮುಂಭಾಗಕ್ಕೆ ಕಟ್ಟುವ ಹಲಗೆ ಅದು.

ಮೊಮ್ಮಗಳು ಟೀ ತಂದಳು. ಯಾವುದೋ ಕಂಪನಿಯಲ್ಲಿ ವಿಡಿಯೋ ಕತ್ತರಿಸಿ ಜೋಡಿಸುವ ಕೆಲಸ ಅವಳದು.

“ಯಾವ ಸಿನಿಮಾ ತಾತ?”

“ನಿಮ್ಮ ತಾತ ಹೇಳೇ ಇಲ್ವಾ?” ಟೈಲರ್ ಲೋಟ ಹಿಡಿದು ಸರಿಯಾಗಿ ಕೂತರು. “ಹೀರೋ ನಾಲ್ಕು ಜನರ ಎದುರಿಗೆ ಹೆಂಡತಿ ಮರ್ಯಾದೆ ತೆಗೀತಾನೆ. ಅವಳು ತವರಿಗೆ ಹೋಗ್ತಾಳೆ. ಹತ್ತನೇ ರೀಲಲ್ಲಿ ಕಲ್ಲುಗಣಿ ಹತ್ರ ಹೊಡೆದಾಟ, ಇವನ ಕೈ ಮುರಿಯುತ್ತೆ. ಹನ್ನೊಂದನೇ ರೀಲಲ್ಲಿ ಕೈಗೆ ಪಟ್ಟಿ ಕಟ್ಕೊಂಡು ಅವಳ ಬಾಗಿಲು ತಟ್ತಾನೆ. ತಪ್ಪಾಯ್ತು ಅಂತಾನೆ. ಅವಳು ಬಾಗಿಲು ತೆಗೀತಾಳೆ. ಇದು ಬೇರೆ ಊರುಗಳ ಕತೆ. ಎಲ್ಲ ಕಡೆ ಎರಡೇ ವಾರಕ್ಕೆ ಎತ್ತಂಗಡಿ.”

“ನಮ್ಮೂರಲ್ಲಿ?”

“ನಮ್ಮೂರಲ್ಲಿ ನಿಮ್ಮ ತಾತ ಹನ್ನೊಂದು ಮೊದಲು ಹಾಕಿದ, ಹತ್ತು ಆಮೇಲೆ. ನೂರು ದಿನ.”

“ಆ ಪಟ್ಟಿ ಇದೆಯಲ್ಲಮ್ಮ, ಅದು ಮುಂದೆ ಬರೋ ನೋವಿನ ಸಂಕೇತ,” ಎಂದರು ಮೇಷ್ಟ್ರು. “ಅದರ ಮೇಲೆ ಮೂರು ಭಾಷಣ ಮಾಡಿದ್ದೀನಿ.”

“ಸಂಕೇತಾನೂ ಇಲ್ಲ, ಮಣ್ಣೂ ಇಲ್ಲ. ಏಟು ಬೀಳುತ್ತೆ ಅಂತ ಗೊತ್ತಿದ್ದೂ ಹೋಗ್ತಾನಲ್ಲ, ಅದು ಗಂಡೆದೆ. ಆ ವರ್ಷ ಊರಿನ ಅರ್ಧ ಹುಡುಗರು ಸುಮ್ಮಸುಮ್ಮನೆ ಕೈಗೆ ಪಟ್ಟಿ ಸುತ್ಕೊಂಡು ತಿರುಗಿದ್ರು. ಬಟ್ಟೆ ಹರಿದು ಕೊಟ್ಟೋನು ನಾನೇ.”

“ತಾತ ಅದನ್ನ ತಪ್ಪಿ ಹಾಕಿರಬಹುದಲ್ವಾ?”

ಆಟದ ನಡುವೆ ಎದ್ದು ಪರದೆಗೆ ಅಡ್ಡ ನಿಂತವರನ್ನು ನೋಡುವಂತೆ ಮೂವರೂ ಅವಳನ್ನು ನೋಡಿದರು.

“ತಪ್ಪಿ ಹಾಕಿದ್ರೆ ಎರಡನೇ ಆಟಕ್ಕೆ ಸರಿ ಮಾಡ್ತಿರಲಿಲ್ವಾ?” ಎಂದರು ಪೇಂಟರ್. “ಹೊಗಳಿದಾಗೆಲ್ಲ ‘ನಾನಲ್ಲ ಕಣ್ರೋ’ ಅಂತಿದ್ದ. ಅಷ್ಟು ವಿನಯ. ಈ ಸಾಲು ಒಣಗಲಿ, ಕೆಳಗೆ ಬರೀತೀನಿ: ಹನ್ನೊಂದರ ನಂತರ ಹತ್ತು ಹಾಕಿ ನೂರು ದಿನ ಓಡಿಸಿದ ಮಹಾನುಭಾವ.”

“ಅಂಥ ಸಿನಿಮಾ ಇನ್ನೆಲ್ಲಿ,” ಟೈಲರ್ ನಿಟ್ಟುಸಿರುಬಿಟ್ಟರು. “ಇನ್ನು ಐದು ವರ್ಷ. ಆಮೇಲೆ ಥಿಯೇಟರ್‌ಗಳೆಲ್ಲ ಗೋಡೌನು.”

“ಬಣ್ಣದ ಸಿನಿಮಾ ಬಂದಾಗ್ಲೂ ನೀನು ಇದೇ ಹೇಳಿದ್ದು. ಟಿವಿ ಬಂದಾಗ್ಲೂ ಇದೇ,” ಎಂದರು ಮೇಷ್ಟ್ರು.

“ಈಗ ನೋಡೋರೇ ಆಪರೇಟರ್‌ಗಳು ತಾತ,” ಎಂದಳು ಮೊಮ್ಮಗಳು. “ಬೇಜಾರಾದ್ರೆ ಮುಂದಕ್ಕೆ ಓಡಿಸ್ತೀವಿ. ಮನಸ್ಸಾದ್ರೆ ಕೊನೇದನ್ನ ಮೊದಲು ನೋಡ್ತೀವಿ.”

“ಅದಕ್ಕೇ ಹೇಳಿದ್ದು, ಕೆಟ್ಟು ಕೆರ ಹಿಡೀತು ಅಂತ.”

“ಅಂದ್ರೆ ನಮ್ಮ ತಾತ ಮಾಡಿದ್ರೆ ಕಲೆ, ನಾನು ಮಾಡಿದ್ರೆ ಕೆಟ್ಟಿದ್ದಾ?”

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಒಳಗಿನ ಹೂವುಗಳತ್ತ ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು.

ಕಿಟಕಿಯ ಒಳಬದಿಯ ಕುರ್ಚಿಯಲ್ಲಿ ಆಪರೇಟರ್ ಅವರ ಹೆಂಡತಿ ಕೂತಿದ್ದರು. ಒಂದು ಮಾತೂ ಬಿಡದೆ ಕೇಳಿಸುತ್ತಿತ್ತು. ಹೋದ ವಾರವಷ್ಟೇ ಗಂಡ ಹೇಳಿದ್ದರು: “ನಾನು ಹೋಗುವಾಗ ಈ ಮೂವರೂ ಸೇರಿ ಆ ಸುಳ್ಳನ್ನ ನನ್ನ ಜೊತೆ ಕಟ್ಟಿ ಕಳಿಸ್ತಾರೆ. ನಾನು ಹೇಳಿ ಹೇಳಿ ಸೋತೆ. ಒಂದು ಸಲ ನೀನು ಬಾಯಿ ಬಿಡೇ.” ಹೋಗುವ ಮಾತೆಲ್ಲ ಈಗ ಯಾಕೆ ಎಂದು ಆಕೆ ಗದರಿದ್ದರು. ಈಗ ಹೊರಗೆ ಬಣ್ಣ ಒಣಗುತ್ತಿತ್ತು. ಬಾಯಿ ಬಿಟ್ಟರೆ, ಗೆಳೆಯರು ತಲೆಯ ಮೇಲೆ ಹೊತ್ತ ಮನುಷ್ಯನನ್ನು ಕೊನೆಯ ದಿನ ಕೆಳಗಿಳಿಸಿದಂತೆ. ಮೇಲಾಗಿ ಗಂಡ ಹೆಂಡಿರ ಜಗಳ ಜಗಲಿಗೆ ಬಂದಂತೆ. ಬಿಡದಿದ್ದರೆ, ಅವರು ಬೇಡವೆಂದ ಮಾತು ನೀಲಿ ಅಕ್ಷರದಲ್ಲಿ ಊರಿನ ಬೀದಿಯುದ್ದಕ್ಕೂ ಅವರ ಮುಂದೆ ಮುಂದೆ ಹೋಗುತ್ತದೆ.

* * *

ಜಗಳ ಶುರುವಾದದ್ದು ಇದೇ ಜಗಲಿಯಲ್ಲಿ, ಆ ಸಿನಿಮಾ ಊರಿಗೆ ಬರುವ ಮುಂಚಿನ ಭಾನುವಾರ ಬೆಳಗ್ಗೆ. ನಾಲ್ವರೂ ಯಾವುದೋ ಸಿನಿಮಾ ಹಿಡಿದು ಜಗ್ಗಾಡುತ್ತಿದ್ದರು. ಟೀ ತಂದ ಆಕೆ, “ಆ ತಾಯಿ ಅಷ್ಟು ಬೇಗ ಸಾಯಬಾರದಿತ್ತು, ಆಮೇಲೆ ಕತೇನೇ ಉಳಿಯಲಿಲ್ಲ,” ಎಂದುಬಿಟ್ಟರು. ಗಂಡ ತಲೆ ಎತ್ತಲೂ ಇಲ್ಲ. “ಸಿನಿಮಾ ವಿಷಯ ನಿನಗೇನು ಗೊತ್ತು, ಒಳಗೆ ಹೋಗು.” ಉಳಿದವರು ನಕ್ಕರು.

ಗಂಡ ಹೆಂಡಿರ ನಡುವೆ ಮಾತು ನಿಂತಿತು. ಊಟದ ಕ್ಯಾರಿಯರ್ ಮಾತ್ರ ನಿಲ್ಲಲಿಲ್ಲ. ಒಂದು ಗಂಟೆಗೆ ಸರಿಯಾಗಿ ಪ್ರೊಜೆಕ್ಟರ್ ಕೋಣೆಯ ಮೆಟ್ಟಿಲ ಮೇಲೆ ಇರುತ್ತಿತ್ತು. ಬುಧವಾರ ಗಂಡ ಪ್ರೊಜೆಕ್ಟರಿನ ಕಾದ ದೀಪದ ಗೂಡು ಮುಟ್ಟಿ ಬಲ ಅಂಗೈ ಸುಟ್ಟುಕೊಂಡರು. ಪಟ್ಟಿ ಸುತ್ತಿದ ಕೈಯನ್ನು ಪಂದ್ಯದಲ್ಲಿ ಗೆದ್ದ ಕಪ್‌ನಂತೆ ಎತ್ತಿ ಹಿಡಿದು ಅಡುಗೆಮನೆಗೆ ಎರಡು ಸಲ ಹೋಗಿ ಬಂದರು. ಆಕೆಯ ಬಾಯಿಂದ ಒಂದು ‘ಅಯ್ಯೋ’ ಬಿದ್ದರೆ ಸಾಕು, ಮಿಕ್ಕಿದ್ದೆಲ್ಲ ತಾನೇ ಮುಗಿಯುತ್ತದೆ ಎಂಬ ಅಂದಾಜು. ಆಕೆ ಈರುಳ್ಳಿ ಹೆಚ್ಚುತ್ತಲೇ ಇದ್ದರು.

ಗುರುವಾರ ಹೊಸ ಸಿನಿಮಾದ ಡಬ್ಬಗಳು ಬಂದವು. ಒಂದೇ ಕೈಯಲ್ಲಿ ಅವನ್ನು ಎತ್ತುವುದು ಆಗದ ಮಾತು. ಕ್ಯಾರಿಯರ್ ತಂದ ಆಕೆ ಸೆರಗು ಸಿಕ್ಕಿಸಿ ಡಬ್ಬ ಎತ್ತಿಕೊಡಲು ನಿಂತರು. ಪರೀಕ್ಷೆಗೆಂದು ಓಡಿಸಿದ ಸಿನಿಮಾವನ್ನು ಗೋಡೆಯ ಸಣ್ಣ ಕಿಂಡಿಯಿಂದ ಪೂರ್ತಿ ನೋಡಿದರು. ಹತ್ತನೆಯ ರೀಲಿನಲ್ಲಿ ಹೀರೋನ ಕೈ ಮುರಿದಾಗ, ‘ಇವನದೂ ಅದೇ ಅಂದಾಜು,’ ಅನ್ನಿಸಿತು.

ಶುಕ್ರವಾರ, ಮೊದಲ ಆಟ, ತುಂಬಿದ ಥಿಯೇಟರು. ಒಂಬತ್ತನೆಯ ರೀಲು ಓಡುತ್ತಿದ್ದಾಗ ಆಕೆ ಮುಂದಿನದನ್ನು ಎತ್ತಿಕೊಟ್ಟರು. ಮಬ್ಬು ಬೆಳಕಿನಲ್ಲಿ, ಎಡಗೈಯಲ್ಲಿ ಗಂಡ ಅದನ್ನು ಏರಿಸಿದರು. ಪರದೆಯ ಮೇಲೆ ಒಂದು ಬಾಗಿಲು ಬಂತು.

“ಇದು ಹನ್ನೊಂದು.”

“ಹೌದು.”

“ಹತ್ತು ಎಲ್ಲಿ?”

“ಆಮೇಲೆ ಕೊಡ್ತೀನಿ. ಮೊದಲು ತಪ್ಪಾಯ್ತು ಅನ್ಲಿ.”

ಓಡುತ್ತಿರುವ ಆಟವನ್ನು ನಿಲ್ಲಿಸುವಂತಿರಲಿಲ್ಲ. ಕೆಳಗೆ ಸದ್ದಡಗಿತ್ತು. ಹೀರೋ ಬಾಗಿಲ ಮುಂದೆ ನಿಂತು ಹೇಳಬೇಕಾದ ಮಾತು ಹೇಳಿದ. ಬಾಗಿಲು ತೆರೆಯಿತು. ಹಿಂದಿನ ಸಾಲಿನಿಂದ ಶುರುವಾದ ಚಪ್ಪಾಳೆ ಮುಂದಿನವರೆಗೂ ಹೋಯಿತು.

ಗಂಡ ಕಿಂಡಿಯಿಂದ ಮುಖ ತಿರುಗಿಸದೆ ಏನೋ ಅಂದರು.

“ಕೇಳಿಸ್ಲಿಲ್ಲ. ಮಷೀನು ಸದ್ದು.”

“ತಪ್ಪಾಯ್ತು ಅಂದೆ.”

ಆಕೆ ಹತ್ತನೆಯ ರೀಲನ್ನು ಕೈಗಿತ್ತರು. ಆಮೇಲೆ ಪಟ್ಟಿ ಬಿಚ್ಚಿ ಅಂಗೈ ನೋಡಿದರು.

* * *

ಪೇಂಟರ್ ಕುಂಚ ಅದ್ದಿ, ತುದಿಯನ್ನು ಡಬ್ಬದ ಅಂಚಿಗೆ ಒರೆಸಿಕೊಂಡರು.

“ತಡೀರಿ ಅಣ್ಣ.”

ಆಕೆ ಬಾಗಿಲಲ್ಲಿ ನಿಂತಿದ್ದರು. ಮೂವರೂ ಎದ್ದರು.

“ಅದನ್ನ ಬರೀಬೇಡಿ. ಆ ರೀಲು ಅದಲುಬದಲು ಮಾಡಿದ್ದು ಅವರಲ್ಲ. ನಾನು.” ಭಾನುವಾರ, ಬುಧವಾರ, ಶುಕ್ರವಾರ, ಮೂರನ್ನೂ ಹತ್ತು ಮಾತಿನಲ್ಲಿ ಹೇಳಿ ಮುಗಿಸಿದರು.

ಟೈಲರ್ ಹತ್ತಿರ ಬಂದು ಸಮಾಧಾನದ ದನಿಯಲ್ಲಿ ಹೇಳಿದರು: “ಅತ್ತಿಗೆ, ದುಃಖದಲ್ಲಿ ಏನೇನೋ ಬರುತ್ತೆ ಬಾಯಿಗೆ. ಒಳಗೆ ಹೋಗಿ ಕೂತ್ಕೊಳ್ಳಿ.”

“ದುಃಖ ಇದೆ. ರೀಲಿನ ನಂಬರ್ ಮರೆಯೋಷ್ಟಿಲ್ಲ.”

“ಹಾಗಾದ್ರೆ ಆ ಪಟ್ಟಿ? ಏಟಿಗೆ ಮುಂಚೆ ಪಟ್ಟಿ ಬಂತಲ್ಲ, ಅದಕ್ಕೇನು ಅರ್ಥ?” ಎಂದು ಕೇಳಿದರು ಮೇಷ್ಟ್ರು.

“ಏನೂ ಇಲ್ಲ. ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ನಾನು ಆ ಹೆಂಡತಿ ಮುಖ ನೋಡ್ತಿದ್ದೆ.”

“ಮೂರು ಭಾಷಣ,” ಎಂದು ಮೇಷ್ಟ್ರು ಮೆಟ್ಟಿಲ ಮೇಲೆ ಕೂತುಬಿಟ್ಟರು.

“ಆದರೆ ಅಜ್ಜಿ, ಜನ ಯಾಕೆ ಅಷ್ಟು ಚಪ್ಪಾಳೆ ತಟ್ಟಿದ್ರು?” ಎಂದಳು ಮೊಮ್ಮಗಳು.

“ಅವನಿಗೆ ಏಟು ಬಿದ್ದಿದ್ದು ಯಾರೂ ನೋಡಿರಲಿಲ್ಲವಲ್ಲ ಪುಟ್ಟಿ. ಅಯ್ಯೋ ಪಾಪ ಅನ್ನೋಕೆ ಏನೂ ಇರಲಿಲ್ಲ. ಅವನ ಮಾತು ಮಾತ್ರ ಕಿವಿಗೆ ಬಿತ್ತು.”

ಮೊಮ್ಮಗಳು ಅಜ್ಜಿಯನ್ನು ಹೊಸಬರನ್ನು ನೋಡುವಂತೆ ನೋಡಿದಳು. “ಇದನ್ನ ನನಗೆ ಆಫೀಸಲ್ಲಿ ಯಾರೂ ಹೇಳಿಕೊಡಲಿಲ್ಲ.”

“ಆ ಭಾನುವಾರ,” ಟೈಲರ್ ಕೆಮ್ಮಿದರು, “ನಾನೂ ನಕ್ಕಿದ್ನಾ?”

“ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನೀವೇ.”

ಟೈಲರ್ ಲೋಟ ಕೆಳಗಿಟ್ಟರು. ಕೈ ಎಲ್ಲಿಡಬೇಕೋ ತಿಳಿಯದೆ ಅಂಗಿಯ ಗುಂಡಿ ಸರಿಮಾಡಿಕೊಂಡು, “ತಪ್ಪಾಯ್ತು ಅತ್ತಿಗೆ,” ಎಂದರು.

“ಕೇಳಿಸ್ಲಿಲ್ಲ.”

ಮೊದಲು ನಕ್ಕವರು ಮೇಷ್ಟ್ರು. ಆಮೇಲೆ ಎಲ್ಲರೂ. ಒಳಗಿದ್ದ ನೆಂಟರು ಕತ್ತು ಚಾಚಿ ನೋಡಿದರು. ಪೇಂಟರ್ ಒಬ್ಬರೇ ನಗಲಿಲ್ಲ. ಅರ್ಧ ಖಾಲಿಯಿದ್ದ ಹಲಗೆಯನ್ನೇ ನೋಡುತ್ತಿದ್ದರು.

“ಹಾಗಾದ್ರೆ ನಮ್ಮ ಆಪರೇಟರ್ ಏನೂ ಮಾಡಲೇ ಇಲ್ವಾ ಅತ್ತಿಗೆ?”

“ಯಾಕಿಲ್ಲ. ಎರಡನೇ ಆಟಕ್ಕೆ ಸರಿ ಮಾಡಬಹುದಿತ್ತು. ನಾನೇ ಹತ್ತನೇದನ್ನ ಎತ್ತಿ ಹಿಡಿದಿದ್ದೆ. ‘ಅದಲ್ಲ, ಹನ್ನೊಂದು ಕೊಡು’ ಅಂದ್ರು. ನೂರು ದಿನ, ದಿನಕ್ಕೆ ಮೂರಾಟ. ಯಾವ ಗಂಡ ದಿನಕ್ಕೆ ಮೂರು ಸಲ ತಪ್ಪಾಯ್ತು ಅಂತಾನೆ, ಹೇಳಿ.”

ಪೇಂಟರ್ ಕುಂಚವನ್ನು ಮತ್ತೆ ಬಣ್ಣಕ್ಕೆ ಅದ್ದಿದರು.

“ನೀವು ಹೇಳಿ. ಬರೀತೀನಿ.”

ಆಕೆ ಅವರ ಪಕ್ಕದಲ್ಲಿ ನಿಂತು ಒಂದೊಂದೇ ಮಾತು ಹೇಳಿದರು. ನಡುವೆ ಒಮ್ಮೆ ಮೇಷ್ಟ್ರು ಕಾಗುಣಿತ ನೋಡಲು ಎದ್ದು ಬಂದರು, ಓದಿ ಏನೂ ತಿದ್ದದೆ ಹೋಗಿ ಕೂತರು.

ಗಾಡಿ ನಾಲ್ಕಕ್ಕೆ ಬಂತು. ಆಪರೇಟರ್ ಅವರನ್ನು ಹೂವಿನ ಸಮೇತ ಒಳಗೆ ಮಲಗಿಸಿದರು. ಹಲಗೆ ಕಟ್ಟುವಾಗ ಡ್ರೈವರ್ ಬೆರಳಿಗೆ ನೀಲಿ ಅಂಟಿತು.

“ಇನ್ನೂ ಹಸಿ ಇದೆ ಅಮ್ಮ. ಧೂಳು ಕೂತ್ಕೊಳ್ಳುತ್ತೆ.”

“ನಿಧಾನಕ್ಕೆ ಓಡಿಸಪ್ಪ. ಅವರಿಗೇನೂ ಅವಸರ ಇಲ್ಲ.”

ಡ್ರೈವರ್ ಹಾಗೆಯೇ ಓಡಿಸಿದ. ಹಿಂದೆ ನಡೆದು ಬರುವವರೂ ಬಿರುಸಾಗಿ ಹೆಜ್ಜೆ ಹಾಕಬೇಕಾಗಲಿಲ್ಲ. ಬಸ್ ನಿಲ್ದಾಣದ ತಿರುವಿನಲ್ಲಿ ಗಾಡಿ ಒಂದು ಗಳಿಗೆ ನಿಂತಿತು. ಅಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದ ಒಬ್ಬ ನಡುವಯಸ್ಸಿನವನು ತುಟಿ ಆಡಿಸುತ್ತ ಓದಿದ: ‘ನಮ್ಮ ಆಪರೇಟರ್. ಎಲ್ಲ ರೀಲನ್ನೂ ಸರಿಯಾಗಿ ಹಾಕಿದರು. ಎರಡನ್ನು ಮಾತ್ರ ಹೆಂಡತಿ ಹೇಳಿದ ಹಾಗೆ ಹಾಕಿದರು.’ ಅವನು ಜೋರಾಗಿ ನಕ್ಕ. ಅದು ಎಂಥ ಗಾಡಿ ಎಂದು ಕಂಡದ್ದು ಆಮೇಲೆ. ಚೀಲ ಕೆಳಗಿಟ್ಟು ನೆಟ್ಟಗೆ ನಿಂತ. ಪಕ್ಕದಲ್ಲಿದ್ದ ಅವನ ಹೆಂಡತಿ ಇನ್ನೂ ಓದುತ್ತಿದ್ದಳು. ಕೊನೆಯ ಸಾಲಿಗೆ ಬಂದು, ಅದನ್ನೇ ಇನ್ನೊಮ್ಮೆ ಓದಿ, ಮೆಲ್ಲಗೆ ಗಂಡನ ಕಡೆ ತಿರುಗಿದಳು.