ಆಂಜಿನಮ್ಮನ ಕರಿ ಅಡುಗೆಮನೆ

ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಆಂಜಿನಮ್ಮನ ಸೊಂಟದ ಮೂಳೆ ಮುರಿದು ಒಂದು ವರ್ಷವಾಗಿತ್ತು. ನಾಟಿ ವೈದ್ಯನ ಕಟ್ಟು ಮೂಳೆಯನ್ನು ಕೂಡಿಸಿತು, ಆದರೆ ಸೊಟ್ಟಗೆ ಕೂಡಿಸಿತು. ಅವಳು ನಿಲ್ಲಬಲ್ಲಳು, ಕುಂಟುತ್ತ ನಡೆಯಬಲ್ಲಳು. ನೆಲದ ಮೇಲೆ ಕೂರಲು ಮಾತ್ರ ಆಗುತ್ತಿರಲಿಲ್ಲ. ಒಲೆಯ ಮುಂದೆ ಕೂರಲಾಗದ ಸೊಸೆ ಒಂಬತ್ತು ಜನರ ಮನೆಯಲ್ಲಿ ಏತಕ್ಕೆ ಎಂದು ಊರು ಕೇಳಿತು.

ಅತ್ತೆ ಮುತ್ಯಾಲಮ್ಮ ಕೇಳಲಿಲ್ಲ, ದಾರಿ ಹುಡುಕಿದಳು. ತಾಯಲೂರಿನಲ್ಲಿದ್ದ ತನ್ನ ತಮ್ಮನ ಮಗಳನ್ನು ಮಗ ಚನ್ನರಾಯಪ್ಪನಿಗೆ ಎರಡನೆಯವಳಾಗಿ ತರುವುದು. ಅರವತ್ತು ದಾಟಿದ ಅವಳೇ ಒಂದು ವರ್ಷದಿಂದ ಎರಡು ಹೊತ್ತೂ ಮುದ್ದೆ ತಿರುವುತ್ತಿದ್ದಳು. ಅವಳ ಬೆನ್ನುನೋವು ಸುಳ್ಳಲ್ಲ.

"ಇವಳನ್ನ ಬಿಡು ಅಂತ ಯಾರಂದ್ರು? ಎರಡು ಮಕ್ಕಳ ತಾಯಿ, ಇರ್ಲಿ. ಒಲೆಗೊಬ್ಬಳು ಬರ್ಲಿ," ಎಂದಳು ಮಗನಿಗೆ.

ಚನ್ನರಾಯಪ್ಪ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಗಂಡಸು ಹೀಗೆ ಸುಮ್ಮನಿದ್ದರೆ ಅದು ಹೂಂ ಎಂದೇ ಅರ್ಥವೆಂದು ಆಂಜಿನಮ್ಮನಿಗೆ ಗೊತ್ತಿತ್ತು. ನಲವತ್ತನೇ ಇಸವಿಯ ಆ ಮಳೆಗಾಲದಲ್ಲಿ ಅಡುಗೆಮನೆಯ ಮಣ್ಣಿನ ಗೋಡೆ ಕುಸಿಯಿತು. ಹೇಗೂ ಕಟ್ಟಲೇಬೇಕಿತ್ತು.

"ನಿಂತು ಬೇಯಿಸೋ ಹಂಗೆ ಕಟ್ಟಿಸಿ," ಅವಳು ಗಂಡನಿಗೆ ಹೇಳಿದಳು. "ಮನೆಮಂದಿಗೆಲ್ಲ ಮುದ್ದೆ ಮಾಡಿ ಹಾಕ್ತೀನಿ. ಆಗ್ಲಿಲ್ಲ ಅಂದ್ರೆ ತಾಯಲೂರಿಗೆ ಹೋಗಿ, ನಾನು ಬಾಯಿ ಬಿಡಲ್ಲ."

ಟೇಕಲ್‌ನಿಂದ ಕಲ್ಲುಕೆಲಸದ ನಬೀ ಸಾಬ್ ಬಂದ. ಚನ್ನರಾಯಪ್ಪ ಕೋಲಾರದಲ್ಲಿ ವಕೀಲರೊಬ್ಬರ ಮನೆ ನೋಡಿದ್ದ. ಸುಣ್ಣದ ಗೋಡೆ, ಸುತ್ತಲೂ ಗೂಡು, ಗೂಡಿನ ತುಂಬ ಹಿತ್ತಾಳೆ. ಹಾಗೇ ಆಗಲಿ ಎಂದ.

"ಗೋಡೆ ಕಪ್ಪಗಿರ್ಲಿ," ಎಂದಳು ಆಂಜಿನಮ್ಮ.

"ಹೊಗೆ ಹಿಡಿದ್ರೆ ಹೆಂಗೂ ಕಪ್ಪಾಗ್ತದಲ್ಲಮ್ಮ," ನಬೀ ಸಾಬ್ ನಕ್ಕ.

"ಅದಕ್ಕೇ ಮೊದಲೇ ಮಾಡಿಬಿಡಿ ಸಾಬರೇ. ಬಿಳೀ ಬಳಿದ್ರೆ ಹಬ್ಬಹಬ್ಬಕ್ಕೂ ಏಣಿ ಹತ್ತೋರು ಯಾರು? ಈ ಕಾಲಲ್ಲಿ ನಾನಾ?"

ಇದ್ದಿಲ ಪುಡಿ, ಜೇಡಿಮಣ್ಣು, ಸಗಣಿ ಕಲಸಿ ಗೋಡೆಗೆ ಮೆತ್ತಿ, ಗುಂಡುಕಲ್ಲಿನಿಂದ ನುಣ್ಣಗೆ ತಿಕ್ಕಿದರು. ಕಿಟಕಿ ಬೇಡ, ಒಲೆಯ ನೇರಕ್ಕೆ ಮಾಡಿನಲ್ಲಿ ಒಂದು ಬೆಳಕಿಂಡಿ ಸಾಕು ಎಂದಳು. ಹೊಗೆ ಹೋಗಬೇಕು, ಬೆಳಕು ಮಡಕೆಯೊಳಗೆ ಬೀಳಬೇಕು. ಗೂಡು ಒಂದೂ ಬೇಡ. ದಿನಾ ಮುಟ್ಟುವ ಐದು ಪಾತ್ರೆ, ಉಪ್ಪಿನ ಗಡಿಗೆ, ನೀರಿನ ಹಂಡೆ. ನಿಂತಲ್ಲಿಂದ ಕೈಗೆ ಎಟುಕದ್ದು ಯಾವುದೂ ಒಳಗೆ ಬರಬಾರದು. ಮಕ್ಕಳು ಕಾಲಿಗೆ ಅಡ್ಡ ಬರದಂತೆ, ಕೂತು ಉಣ್ಣಲು ಬಾಗಿಲ ಬಳಿ ಒಂದು ಕಟ್ಟೆ. ಅತ್ತೆ ತವರಿನಿಂದ ತಂದ ಹಿತ್ತಾಳೆ ಕೊಡಗಳು ಅಟ್ಟಕ್ಕೆ ಹೋದವು.

"ಏನಿದು, ಸುಡುಗಾಡಿದ್ದಂಗಿದೆ," ಎಂದಳು ಮುತ್ಯಾಲಮ್ಮ. "ನಾಲ್ಕು ಮಡಕೆ, ಕರಿ ಗೋಡೆ. ನೆಂಟರು ಬಂದ್ರೆ ದಿವಾಳಿ ಎದ್ದೋರ ಮನೆ ಅಂತಾರೆ."

"ನೆಂಟರು ಉಣ್ಣೋಕೆ ಬರ್ತಾರತ್ತೆ, ಪಾತ್ರೆ ಎಣಿಸೋಕಲ್ಲ."

ತೊಡಕಾದದ್ದು ಮುದ್ದೆಗೆ. ಸಾರನ್ನು ನಿಂತೇ ಕುದಿಸಬಹುದು. ಒಂಬತ್ತು ಜನರ ರಾಗಿಹಿಟ್ಟು ತಿರುವುವಾಗ ಮಡಕೆ ಕುಣಿಯುತ್ತದೆ. ಅದನ್ನು ನೆಲಕ್ಕಿಳಿಸಿ, ಕಂಠಕ್ಕೆ ಕವೆಗೋಲು ಸಿಕ್ಕಿಸಿ, ಅದರ ಎರಡು ತುದಿಗಳನ್ನು ಪಾದಗಳಿಂದ ಒತ್ತಿ ಹಿಡಿಯಬೇಕು. ನಿಂತವಳು ಪಾದ ಎಲ್ಲಿಂದ ತರುತ್ತಾಳೆ?

ನಬೀ ಸಾಬ್ ಒಲೆಯ ಪಕ್ಕಕ್ಕೆ, ಸೊಂಟದೆತ್ತರದಲ್ಲಿ, ಕರಿಕಲ್ಲಿನ ಚಪ್ಪಡಿ ಇಟ್ಟ. ಮಡಕೆಯ ತಳ ಕೂರುವಂತೆ ಅದರಲ್ಲಿ ಗುಳಿ ಹೊಡೆದ. ಕವೆಗೋಲಿನ ತುದಿಗಳಿಗೆ ಗೋಡೆಯಲ್ಲಿ ಎರಡು ತೂತು ಕೊರೆದ. ಮಡಕೆ ಅಲುಗಲಿಲ್ಲ. ಆದರೆ ತಿರುವುವ ಕೋಲಿಗೆ ಬಲ ಸಿಗದೆ ಮುದ್ದೆ ಗಂಟುಗಂಟಾಯಿತು. ನಾಯಿಗೆ ಹಾಕಿದರು. ತಾಯಲೂರಿಗೆ ಗಾಡಿ ಯಾವತ್ತು ಕಟ್ಟುತ್ತೀಯ ಎಂದು ಮುತ್ಯಾಲಮ್ಮ ಮಗನನ್ನು ಕೇಳಿದಳು. ಸೋಮವಾರ ಎಂದ. ಆವತ್ತು ಗುರುವಾರ.

ಆಂಜಿನಮ್ಮ ಒಂದು ದಿನ ಯೋಚಿಸಿದಳು. ಕೂತು ತಿರುವುವಾಗ ಬಲ ಬರುವುದು ತೋಳಿನಿಂದಲ್ಲ, ಮೇಲಿನಿಂದ ಬಗ್ಗುವ ಮೈಯಿಂದ. ನಬೀ ಸಾಬನನ್ನು ಮತ್ತೆ ಕರೆಸಿದಳು.

"ತಪ್ಪು ನಂದೇ ಸಾಬರೇ. ಸುಮ್ನೆ ನಿಂತ್ಕೊಂಡು ಅಳತೆ ಕೊಟ್ಟೆ. ಈಗ ಕೋಲು ಹಿಡಿದು ಒತ್ತುತೀನಿ, ಆವಾಗ ತಗೊಳ್ಳಿ."

ಕೆಟ್ಟ ಸೊಂಟವನ್ನು ಗೋಡೆಗೆ ಆನಿಸಿ, ಎಡಗಾಲಿನ ಮೇಲೆ ಭಾರ ಬಿಟ್ಟು ಬಗ್ಗಿದಳು. ನಬೀ ಸಾಬ್ ದಾರ ಹಿಡಿದು ನೋಡಿದ.

"ಚಪ್ಪಡಿ ತೊಡೆಮಟ್ಟಕ್ಕೆ ಬಂತು. ಅದೂ ಎಡಕ್ಕೆ ಓರೆ. ಹಿಂಗಿಟ್ರೆ ಬೇರೆ ಯಾರಿಗೂ ಒಗ್ಗಲ್ಲ ತಾಯಿ."

ಅವಳು ಕೋಲನ್ನು ಗೋಡೆಗೆ ಒರಗಿಸಿದಳು. ಆಮೇಲೆ, "ಹಂಗೇ ಇಡಿ," ಎಂದಳು.

ಭಾನುವಾರ ಮಧ್ಯಾಹ್ನ ಒಂಬತ್ತು ಜನಕ್ಕೂ ಮುದ್ದೆ ಬಿತ್ತು. ಮುತ್ಯಾಲಮ್ಮ ತನ್ನದನ್ನು ಮುರಿದು ಗಂಟಿಗಾಗಿ ಹುಡುಕಿದಳು. ಸಿಗಲಿಲ್ಲ. ಉಂಡು ಕೈ ತೊಳೆದಳು. "ಒಂದು ಹೊತ್ತು ಯಾರಾದ್ರೂ ತಿರುವ್ತಾರೆ," ಎಂದಳು ಮಗನಿಗೆ. "ನಾಳೆ ಹೋಗಿ ಹುಡುಗೀನ ನೋಡ್ಕೊಂಡಂತೂ ಬರಾಣ." ಚನ್ನರಾಯಪ್ಪ ಮತ್ತೆ ಸುಮ್ಮನಿದ್ದ.

ಸೋಮವಾರ ಬೆಳಿಗ್ಗೆ ಅವನು ಗಾಡಿ ಹೂಡುತ್ತಿದ್ದಾಗ, ದಾರಿಗೆ ಎರಡು ಮುದ್ದೆ ಮಾಡಿಕೊಳ್ಳುವೆನೆಂದು ಮುತ್ಯಾಲಮ್ಮ ಒಳಗೆ ಹೋದಳು. ಎರಡು ಕಾಲಲ್ಲೂ ನಿಲ್ಲಬಲ್ಲವಳಿಗೆ ಆ ಕಲ್ಲು ಅಡ್ಡ. ಮೊಣಕಾಲು ಚಪ್ಪಡಿಗೆ ತಾಗಿತು, ಕೋಲು ಮಡಕೆಯ ಅಂಚಿಗೆ ಬಡಿಯಿತು, ಹಿಟ್ಟು ತಳ ಹಿಡಿಯಿತು. ಆಂಜಿನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನಿನ್ನ ಮೈಗೇ ಕಟ್ಟಿಸ್ಕೊಂಡಿದೀಯ."

"ಹೂಂ ಅತ್ತೆ."

"ನನ್ನ ತಮ್ಮನ ಮಗಳು ಬಂದ್ರೆ?"

"ಕಲ್ಲು ಕಿತ್ತು ಮತ್ತೆ ಇಡಿಸ್ಬೇಕು."

"ಬೇಕಂತಲೇ ಮಾಡ್ದೆ, ಅಲ್ವೇನೇ?"

ಸುಳ್ಳು ಹೇಳಬಹುದಿತ್ತು. "ಮೊದಲು ಇಲ್ಲ. ಸಾಬರು ಹೇಳಿದ ಮೇಲೆ ಹೌದು."

ಮುತ್ಯಾಲಮ್ಮ ಕೋಲನ್ನು ಮಡಕೆಯಲ್ಲೇ ಬಿಟ್ಟು ಬಂದು ಕಟ್ಟೆಯ ಮೇಲೆ ಕುಳಿತಳು. ಬೆಳಗಿನ ಹೊತ್ತು ಒಲೆಯ ಮುಂದಲ್ಲದೆ ಬೇರೆ ಕಡೆ ಕೂತು ಅವಳಿಗೂ ವರ್ಷವಾಗಿತ್ತು. ಸೀರೆಗೆ ಕಪ್ಪು ಅಂಟೀತೇ ಎಂದು ಗೋಡೆಯನ್ನು ಬೆರಳಿನಿಂದ ಉಜ್ಜಿ ನೋಡಿದಳು. ಅಂಟಲಿಲ್ಲ. ಬೆನ್ನನ್ನು ಆನಿಸಿದಳು.

"ಕಳ್ಳಿ ಕಣೇ ನೀನು," ಎಂದಳು. "ತಳ ಹಿಡಿದಿರೋದನ್ನ ಕೆರೆದು ಹಾಕು. ಬೇರೆ ಎಸರಿಡು."

ಹೊರಗಿನಿಂದ ಚನ್ನರಾಯಪ್ಪ ಕೂಗಿದ. "ಅಮ್ಮೋ, ಹೊತ್ತೇರ್ತಾ ಇದೆ. ಬರ್ತೀಯೋ ಇಲ್ವೋ?"

"ಎತ್ತು ಬಿಚ್ಚಿ ಹೊಲಕ್ಕೆ ಹೊಡ್ಕೊಂಡು ಹೋಗೋ," ಎಂದಳು ಮುತ್ಯಾಲಮ್ಮ, ಎದ್ದೇಳದೆ. "ನಾನು ಕೂತಿದೀನಿ."